ತಾಯಿಯ ಹರಕೆ ಮತ್ತು ಸರಕಾರದ ಕತ್ತರಿ



ಹೊಸ್ತಿಲ ಹುಣ್ಣಿಮೆ ಬಂದಿತೆಂದರೆ ಸಾಲಹಳ್ಳಿ ಸುತ್ತಿನ ಊರುಗಳ ಜನ ಗೊಡಚಿ ವೀರಭದ್ರೇಶ್ವರನ ಜಾತ್ರೆಗೆ ಹೊರಡುತ್ತಾರೆ. ಒಬ್ಬರು ಮಳೆ ಬೇಡುತ್ತಾರೆ, ಇನ್ನೊಬ್ಬರು ಸಂತಾನ ಬೇಡುತ್ತಾರೆ. ಆದರೆ ಬುದ್ಧಿ ಬೆಳೆಯದ, ಮೈ ಬೆಳೆದ ಮಗನನ್ನು ಕೈಹಿಡಿದು ನಡೆಸಿಕೊಂಡು ಬರುವ ತಾಯಿ ಬೇಡುವುದೇ ಬೇರೆ. ಅಂಥ ತಾಯಂದಿರು ನಮ್ಮೆದುರೂ ಕಣ್ಣೀರು ತೆಗೆದದ್ದುಂಟು: “ಅಜ್ಜಾರ, ನನಗಿಂತ ಒಂದು ದಿನಾ ಮೊದಲ ಇವನ್ನ ದೇವರು ಕರಕೊಳ್ಳಲಿ ಅಂತ ಬೇಡಕೊಂಡೇನ್ರೀ.”

ಹೆತ್ತ ಮಗನ ಸಾವನ್ನೇ ವರವಾಗಿ ಬೇಡುವ ಸ್ಥಿತಿ ತಾಯಿಗೆ ಬಂದಿದ್ದರೆ ಅದು ಅವಳ ಪಾಪವಲ್ಲ, ನಮ್ಮೆಲ್ಲರ ಲೋಪ. ಹಿಂದಿನ ಜನ್ಮದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆ ಮಾತು ಅವಳ ಹೊಟ್ಟೆಯ ಬೆಂಕಿಗೆ ಎಣ್ಣೆ ಸುರಿದಂತೆ. ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇವು ಯಾರ ಶಾಪವೂ ಅಲ್ಲ.

ಕಾನೂನಿಗೆ ಕೊರತೆಯಿಲ್ಲ. 1995ರಲ್ಲಿ ಅಂಗವಿಕಲರ ಕಾಯ್ದೆ ಬಂದಿತು, 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂದಿತು, 2016ರಲ್ಲಿ 21 ಬಗೆಯ ನ್ಯೂನತೆಗಳನ್ನು ಒಳಗೊಂಡ ಹೊಸ ಹಕ್ಕುಗಳ ಕಾಯ್ದೆಯೂ ಬಂದಿತು. ಹಕ್ಕು ಹಿಗ್ಗಿತು, ಹಣದ ಚೀಲ ಕುಗ್ಗಿತು. ಆ ಕಾಯ್ದೆಯ ಅನುಷ್ಠಾನಕ್ಕೆಂದೇ ಇರುವ ಯೋಜನೆಗೆ ಕೇಂದ್ರದ ಬಜೆಟ್ಟಿನಲ್ಲಿ 2022-23ರಲ್ಲಿ ಸುಮಾರು 240 ಕೋಟಿ ರೂಪಾಯಿ ಇಟ್ಟಿದ್ದರು. 2023-24ರಲ್ಲಿ ಅದು 150 ಕೋಟಿಗೆ ಇಳಿಯಿತು. 2024-25ರಲ್ಲಿ ಸುಮಾರು 135 ಕೋಟಿ. ಬಡವರ ಮನೆಯ ತೀವ್ರ ಅಂಗವಿಕಲರ ಮಾಸಾಶನಕ್ಕೆ ಕೇಂದ್ರ ಕೊಡುವ ಪಾಲು 2012ರಲ್ಲಿ 300 ರೂಪಾಯಿ ಆದದ್ದು, ಮುಂದೆ ಹತ್ತು ವರ್ಷ ಕಳೆದರೂ ಏರಲಿಲ್ಲ. ಅದೂ ನ್ಯೂನತೆ ಶೇ. 80 ಇದ್ದವರಿಗೆ, 18 ತುಂಬಿದವರಿಗೆ ಮಾತ್ರ. ಮಗನನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಿಗೆ ಅದು ಎಷ್ಟು ದಿನದ ಜೋಳ?

ಸರಕಾರಕ್ಕೂ ನೂರೆಂಟು ಖರ್ಚು ಎನ್ನುವವರಿದ್ದಾರೆ. ನಿಜ. ಆದರೆ ರೈತರಾದ ನಿಮಗೆ ಒಂದು ಮಾತು ಗೊತ್ತು: ಈ ಹಂಗಾಮು ಮಳೆ ತಪ್ಪಿದರೆ ಮುಂದಿನ ಹಂಗಾಮಿಗೆ ಬಿತ್ತಬಹುದು. ಕೂಸಿನ ಎಳೆಯ ವಯಸ್ಸು ಹಾಗಲ್ಲ. ಕೈಕಾಲಿನ ವ್ಯಾಯಾಮ ನಿಂತರೆ ಕೀಲು ಬಿಗಿಯುತ್ತವೆ. ವಿಶೇಷ ಶಾಲೆಯ ಬಾಗಿಲು ಮುಚ್ಚಿದರೆ ಕಲಿತ ನಾಲ್ಕು ಮಾತೂ ಮರೆಯುತ್ತವೆ. ಅಲ್ಲಿ ಉಳಿಸಿದ ರೂಪಾಯಿಯನ್ನು ಆ ಮನೆ ಜೀವಮಾನವೆಲ್ಲ ತೀರಿಸಬೇಕಾಗುತ್ತದೆ.

ಮಠಗಳು ನೋಡಿಕೊಳ್ಳಲಿ ಎಂಬ ಮಾತೂ ಬರುತ್ತದೆ. ನೋಡಿಕೊಳ್ಳಬೇಕು, ದಾಸೋಹ ನಮ್ಮ ಧರ್ಮ. ನಮ್ಮ ಮಠಗಳ ಮೆಟ್ಟಿಲನ್ನೇ ಹತ್ತಲಾರದ ಮಕ್ಕಳಿದ್ದಾರೆ ಎಂಬುದನ್ನು ನಾವೂ ತಲೆತಗ್ಗಿಸಿ ಒಪ್ಪಬೇಕು. ಆದರೆ ಕಾಯ್ದೆ ಕೊಟ್ಟದ್ದು ಹಕ್ಕು, ಭಿಕ್ಷೆಯಲ್ಲ. ದಾಸೋಹದ ಹೆಸರಿನಲ್ಲಿ ಸರಕಾರ ತನ್ನ ಹೊಣೆ ಇಳಿಸಿಕೊಳ್ಳಬಾರದು.

ಹಿರಿಯರಲ್ಲಿ ನಮ್ಮದೊಂದು ವಿನಂತಿ. ಗ್ರಾಮ ಪಂಚಾಯತಿ ತನ್ನ ಸ್ವಂತ ವರಮಾನದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಹಣ ಎಲ್ಲಿ ಹೋಯಿತೆಂದು ಕೇಳಿರಿ. ಪುನರ್ವಸತಿ ಕಾರ್ಯಕರ್ತರನ್ನು ಅಂಥ ಮನೆಗೆ ಕರೆದೊಯ್ದು ಗುರುತಿನ ಚೀಟಿ ಮಾಡಿಸಿರಿ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟೆಂದು ತಿಳಿಸಿರಿ. ಆ ತಾಯಿ ಜ್ವರದಲ್ಲಿ ಮಲಗಿದ ದಿನ ಮಗನಿಗೆ ಒಂದು ತುತ್ತು ಉಣಿಸಿರಿ.

ಮುಂದಿನ ಜಾತ್ರೆಯಲ್ಲಿ ಅವಳು “ನನ್ನ ಮಗನಿಗೆ ನೂರು ವರ್ಷ ಆಯುಷ್ಯ ಕೊಡು” ಎಂದು ಧೈರ್ಯದಿಂದ ಬೇಡುವಂತಾಗಲಿ. ಊರು ತನ್ನ ಹಿಂದೆ ನಿಂತಿದೆ ಎಂಬ ನಂಬಿಕೆ ಬಂದ ದಿನ ಮಾತ್ರ ಅವಳ ಬಾಯಲ್ಲಿ ಆ ಮಾತು ಬಂದೀತು.