ದುಡಿಯುವ ಕೈ ಒಂದೇ, ಕಾರ್ಡು ಮೂರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೂಲಿಕಾರರಿಗೆ ನರೇಗಾ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಎಲ್ಲ ಬೇರೆ ಬೇರೆ. ಲೇಬರ್ ಕಾರ್ಡ್ ಬೇಕೆಂದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪುರಾವೆ ಕೊಡಬೇಕು. ನರೇಗಾದಲ್ಲಿ ಚೆಕ್ ಡ್ಯಾಂ, ರಸ್ತೆ ಕೆಲಸಕ್ಕೆ ಹೋದ ದಿನಗಳ ಲೆಕ್ಕ ಸರ್ಕಾರದ ಕಂಪ್ಯೂಟರಿನಲ್ಲೇ ಇದೆ. ಅದನ್ನೇ ನೋಡಿ ಒಪ್ಪಿಕೊಂಡರೆ, ಕೂಲಿ ಬಿಟ್ಟು ಕಾಗದಕ್ಕಾಗಿ ಅಲೆಯುವುದು ತಪ್ಪುತ್ತದೆ.

ಇದಕ್ಕೇ ನಾವು ಮಾಹಿತಿ ಜೋಡಿಸಿ ಎನ್ನುವುದು. ಆದರೆ ಜೋಡಿಸುವ ನೆಪದಲ್ಲಿ ಜನರನ್ನು ಕೈಬಿಡಬಾರದು. 2024ರ ಜನವರಿ 1ರಿಂದ ನರೇಗಾ ಕೂಲಿಗೆ ಆಧಾರ್ ಜೋಡಣೆ ಕಡ್ಡಾಯವಾದಾಗ, ಎರಡು ಕಡೆ ಹೆಸರಿನ ಅಕ್ಷರ ಹೊಂದದವರು ಒದ್ದಾಡಿದರು. ಅಂಥದ್ದನ್ನು ಪಂಚಾಯಿತಿಯಲ್ಲೇ ತಿದ್ದಿಕೊಡಲಿ. ಗ್ರಾಮಸಭೆಯಲ್ಲಿ ಓದಿ ಹೇಳದೆ ಯಾರ ಹೆಸರನ್ನೂ ತೆಗೆಯಬಾರದು. ಮುಂದಿನ ಗ್ರಾಮಸಭೆಯಲ್ಲಿ ನೀವೂ ಇದನ್ನು ಕೇಳಿ.