‘ತೀರ ಸರಳವಾಯಿತು’

ಅಗಸೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಒಂದು ಗಣಿತ ವಿಭಾಗದಲ್ಲಿ ಕೆಲಸ ತಪ್ಪಿತು. ಹುದ್ದೆ ಬೇಡುವವನು ಇಡೀ ವಿಭಾಗದ ಮುಂದೆ ಒಂದು ಗಂಟೆ ತನ್ನ ಸಂಶೋಧನೆಯನ್ನು ಕುರಿತು ಮಾತಾಡಬೇಕೆಂಬ ಪದ್ಧತಿ ಅಲ್ಲಿಯೂ ಉಂಟು. ಮಾತಾಡಿ ಬಂದ. “ಭಾಷಣ ತೀರ ಸರಳವಾಯಿತು” ಎಂದು ಸಮಿತಿಯ ಹಿರಿಯರೊಬ್ಬರು ಅಪ್ಪಣೆ ಕೊಡಿಸಿದರಂತೆ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮಳೆಗಾಲದಲ್ಲಿ ಜಗಲಿಯ ಮೇಲೆ ಕುಳಿತು ಅವನು ಎಂಬತ್ತು ಸ್ಲೈಡುಗಳನ್ನು ಸಿದ್ಧಪಡಿಸಿದ್ದ. “ಇಷ್ಟನ್ನೂ ಯಾರಿಗೆ ಹೇಳುತ್ತೀಯೋ?” ಎಂದೆ. “ಮಾವ, ಸಲೀಸಾಗಿ ಹೇಳಿದರೆ ಕೆಲಸವೇ ಹಗುರ ಅಂದುಕೊಳ್ತಾರೆ” ಎಂದ. ನಾನು ನಕ್ಕು, ಇಪ್ಪತ್ತಕ್ಕೆ ಇಳಿಸಿದೆ.

ನಗಬಾರದಿತ್ತು. ನಮ್ಮ ವಿದ್ವತ್ಸಭೆಗಳ ಗುಟ್ಟು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳುವ ಕೋಣೆಯಲ್ಲಿ ಬೀಜಗಣಿತದವರಿರುತ್ತಾರೆ, ಸಂಭವನೀಯತೆಯವರಿರುತ್ತಾರೆ. ಅಭ್ಯರ್ಥಿಯ ವಿಷಯವನ್ನೇ ಬಲ್ಲವರು ಒಬ್ಬರೋ ಇಬ್ಬರೋ. ಉಳಿದವರಿಗೆ ಹತ್ತನೆಯ ನಿಮಿಷಕ್ಕೇ ದಾರಿ ತಪ್ಪುತ್ತದೆ. ಆದರೂ ತಲೆದೂಗುತ್ತಾರೆ. ‘ತಿಳಿಯಲಿಲ್ಲ’ ಎಂದರೆ ಮಾನ ಹೋದೀತಲ್ಲ! ಹೊರಗೆ ಬಂದು ‘ಪ್ರೌಢವಾಗಿತ್ತು’ ಎನ್ನುತ್ತಾರೆ. ತಿಳಿದುಬಿಟ್ಟರೆ ಮಾತ್ರ ಅನುಮಾನ.

ಆಳವುಳ್ಳವನು ತಿಳಿಯುವಂತೆ ಮಾತಾಡಲಾರನೆ? 1854ರ ಜೂನ್ 10ರಂದು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ರೀಮಾನ್ ಕೊಟ್ಟದ್ದೂ ಇಂಥದೇ ಪರೀಕ್ಷೆ. ಅಧ್ಯಾಪನದ ಅರ್ಹತೆಗಾಗಿ ಮಾಡಿದ ಭಾಷಣ. ಅವನು ಮೂರು ವಿಷಯಗಳನ್ನು ಮುಂದಿಟ್ಟಿದ್ದ. ಎಪ್ಪತ್ತೇಳರ ವೃದ್ಧ ಗೌಸ್ ಆರಿಸಿದ್ದು ಮೂರನೆಯದನ್ನು, ರೇಖಾಗಣಿತದ ಬುನಾದಿಯನ್ನು. ರೀಮಾನ್ ಅದಕ್ಕೆ ಸಿದ್ಧನಾಗಿರಲೇ ಇಲ್ಲ. ಕೇಳುಗರಲ್ಲಿ ಬಹುಮಂದಿ ಗಣಿತಜ್ಞರಲ್ಲವೆಂದು ಬಲ್ಲ ಆತ ಸೂತ್ರಗಳನ್ನು ಬಹುತೇಕ ಬದಿಗಿಟ್ಟೇ ಮಾತಾಡಿದ. ಹಗುರವಾಯಿತೆ? 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಿದ್ಧಾಂತವನ್ನು ನಿಲ್ಲಿಸಿದ್ದು ಆ ರೇಖಾಗಣಿತದ ಮೇಲೆ.

ಅಷ್ಟು ದೂರವೇಕೆ, ನಮ್ಮ ತಾಳಮದ್ದಲೆಗೇ ಬನ್ನಿ. ಕರ್ಣನ ಅರ್ಥ ಹೇಳುವವನ ಎದುರಿಗೆ ಸಂಸ್ಕೃತ ಪಂಡಿತನೂ ಇರುತ್ತಾನೆ, ನಾಟಿ ಮುಗಿಸಿ ಬಂದವನೂ ಇರುತ್ತಾನೆ. ಬಲ್ಲ ಅರ್ಥಧಾರಿ ಪೀಠಿಕೆಯಲ್ಲಿಯೇ ತಾನಾರು, ತನ್ನ ಸಂಕಟವೇನು ಎಂಬುದನ್ನು ಇಡೀ ಸಭೆಗೆ ಮುಟ್ಟಿಸುತ್ತಾನೆ. ಪಂಡಿತನಿಗೆ ಬೇಕಾದದ್ದು ಆಮೇಲೆ ಬರುತ್ತದೆ. ಗಣಿತದ ಭಾಷಣಕ್ಕೂ ಇಷ್ಟೇ ಸಾಕು: ಪ್ರಶ್ನೆ ಯಾವುದು, ಅದು ಯಾಕೆ ಕಾಡಿತು, ಒಂದು ಚಿಕ್ಕ ಉದಾಹರಣೆ, ಕೊನೆಯ ಹತ್ತು ನಿಮಿಷ ಬಲ್ಲವರಿಗೆ. ಸಾಧನೆಗಳು ಪ್ರಬಂಧಗಳಲ್ಲಿವೆ, ಓದುವವರು ಓದಿಕೊಳ್ಳಲಿ. (ಓದಿರುತ್ತಾರೆಯೆ? ಅದು ಬೇರೆ ಮಾತು.)

ಹುದ್ದೆ ಸಿಕ್ಕವನು ನಾಳೆ ಹದಿನೆಂಟರ ಹುಡುಗರ ಮುಂದೆ ನಿಲ್ಲಬೇಕಲ್ಲವೆ? ಅಂಕೋಲೆಯಲ್ಲಿ 1966ರಲ್ಲಿ ಆರಂಭವಾದ ಕಾಲೇಜು ಗೋಖಲೆಯವರ ಹೆಸರು ಹೊತ್ತಿದೆ. ಆ ಗೋಖಲೆ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಅಂಕಗಣಿತದ ಪಠ್ಯಪುಸ್ತಕ ಬರೆಯುವುದನ್ನು ಕೀಳೆಂದುಕೊಂಡವರಲ್ಲ.

ಹುಡುಗನಿಗೆ ಇನ್ನೊಂದು ಕಡೆಯಿಂದ ಕರೆ ಬಂದಿದೆ. “ಮಾವ, ಎಂಬತ್ತನ್ನೂ ವಾಪಸು ಹಾಕಲೆ?” ಎಂದು ಮೊನ್ನೆ ಕೇಳಿದ. ಬೇಡವೆಂದೆ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳಲು ಬಾಯಿ ಬರಲಿಲ್ಲ. ಕೆಲಸ ಬೇಕಾದದ್ದು ಅವನಿಗೆ.