‘ಗೊತ್ತಾಯ್ತು ಡಾಕ್ಟ್ರೇ’ ಅಂದ ಮೇಲೂ ಮಾತ್ರೆ ತಪ್ಪುವುದೇಕೆ?

‘ಬಿಪಿ ಮಾತ್ರೆ ಒಮ್ಮೆ ಶುರು ಮಾಡಿದರೆ ಮುಗೀತು, ಕಿಡ್ನಿ ಹಾಳಾಗುತ್ತದೆ. ಎಲ್ಲರಿಗೂ ಕಳುಹಿಸಿ.’ ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ವಿಷಯ ಇರುವುದು ತಿರುಗುಮುರುಗಾಗಿ: ಹತೋಟಿಗೆ ಬಾರದ ರಕ್ತದೊತ್ತಡವೇ ಕಿಡ್ನಿ ಹಾಳಾಗಲು ಇರುವ ದೊಡ್ಡ ಕಾರಣಗಳಲ್ಲಿ ಒಂದು. ಆದರೆ ಇದು ಸುಳ್ಳು ಎಂದು ಮುದ್ರೆ ಒತ್ತಿ ಮುಗಿಸುವ ಬದಲು, ಇದನ್ನು ಜನ ಯಾಕೆ ನಂಬುತ್ತಾರೆ ಎಂದು ಈ ಬಾರಿ ನೋಡೋಣ.

ನಂಬುವವರು ದಡ್ಡರಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಒಂದೆರಡು ತಿಂಗಳು ನುಂಗಿದ ಮೇಲೆ ಬಿಪಿ ನಾರ್ಮಲ್ ಬಂತು. ಕಾಯಿಲೆ ಹೋಯಿತಲ್ಲ, ಇನ್ನು ಮಾತ್ರೆ ಯಾಕೆ? ಜ್ವರಕ್ಕೆ ಈ ಲೆಕ್ಕ ಸರಿ. ಬಿಪಿಗೆ ಸರಿಯಲ್ಲ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ತಾವಾಗಿಯೇ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ, ಏರಿದ್ದು ಬಹಳ ಮಂದಿಗೆ ಗೊತ್ತೂ ಆಗುವುದಿಲ್ಲ. ಇಷ್ಟನ್ನು ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳದಿದ್ದರೆ ಆ ಖಾಲಿ ಜಾಗದಲ್ಲಿ ವಾಟ್ಸಾಪ್ ಬಂದು ಕೂರುತ್ತದೆ.

ವೈದ್ಯರು ಹೇಳಿದ್ದನ್ನು, ಚೀಟಿಯಲ್ಲಿ ಬರೆದದ್ದನ್ನು ಅರ್ಥ ಮಾಡಿಕೊಂಡು ಅದರಂತೆ ನಡೆಯುವ ಶಕ್ತಿಯನ್ನು ಆರೋಗ್ಯ ಸಾಕ್ಷರತೆ ಎನ್ನುತ್ತಾರೆ. ಓದು ಬಂದರೆ ಇದೂ ಬಂದಂತೆ ಎಂಬ ಭಾವನೆ ಇದೆ. ಹಾಗಿಲ್ಲ. ಅಮೆರಿಕದಲ್ಲಿ 395 ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಔಷಧದ ಐದು ಲೇಬಲ್‌ಗಳನ್ನು ತೋರಿಸಲಾಯಿತು. ಒಂದರಲ್ಲಿ ಇದ್ದದ್ದು ಇಷ್ಟೇ: ಎರಡು ಮಾತ್ರೆ, ದಿನಕ್ಕೆ ಎರಡು ಬಾರಿ. ಓದಿನ ಮಟ್ಟ ಕಡಿಮೆ ಇದ್ದವರಲ್ಲೂ ಸುಮಾರು 71% ಮಂದಿ ಇದನ್ನು ಸರಿಯಾಗಿಯೇ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಸುಮಾರು 35% ಮಾತ್ರ. ಚೆನ್ನಾಗಿ ಓದಬಲ್ಲವರಲ್ಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಒಂದಾದರೂ ಲೇಬಲ್ಲನ್ನು ತಪ್ಪಾಗಿ ತಿಳಿದಿದ್ದರು.

ಅದು ಅವರ ಮಾತೃಭಾಷೆಯಲ್ಲೇ ಇದ್ದ ಲೇಬಲ್. ನಮ್ಮಲ್ಲಿ ಸ್ಟ್ರಿಪ್ ಇಂಗ್ಲಿಷಿನಲ್ಲಿ, ಚೀಟಿಯಲ್ಲಿ 1-0-1. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಗೊತ್ತಿದ್ದವರಿಗೆ ಸುಲಭ. ಗೊತ್ತಿಲ್ಲದವರಿಗೆ ಅದು ನೂರಾ ಒಂದು!

ಖಾಲಿ ಹೊಟ್ಟೆ ಎಂದರೆ ಏನು?

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ತಿಂಡಿ ತಿನ್ನುವವರೆಗೂ ಹೊಟ್ಟೆ ಖಾಲಿ, ಕಾಫಿ ಲೆಕ್ಕಕ್ಕೇ ಇಲ್ಲ. ಆದರೆ ಕಾಫಿಯ ಜೊತೆ ಹೋದರೆ ಈ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಇದು ಗೊತ್ತಿಲ್ಲದವರು ತಪ್ಪದೆ ಮಾತ್ರೆ ನುಂಗುತ್ತಿದ್ದರೂ ಟೆಸ್ಟಿನಲ್ಲಿ ಟಿಎಸ್‌ಎಚ್ ಇಳಿಯದಿರಬಹುದು, ಡೋಸ್ ಏರಬಹುದು.

ಮಕ್ಕಳ ಔಷಧದಲ್ಲಿ ಅಪಾಯ ಇನ್ನೂ ದೊಡ್ಡದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ಸಾಮಾನ್ಯವಾಗಿ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ ಇರುತ್ತದೆ. ಹಸುಗೂಸುಗಳಿಗೆ ಬರುವ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಪುಟ್ಟ ಬಾಟಲಿ, ಹನಿ ಔಷಧ, ಅಂದರೆ ಕಡಿಮೆ ಪವರ್ ಎಂದು ಅನ್ನಿಸುವುದು ಸಹಜ. ಸಿರಪ್ ಎಂದುಕೊಂಡು 5 ಮಿ.ಲೀ. ಡ್ರಾಪ್ಸ್ ಕುಡಿಸಿದರೆ 500 ಮಿ.ಗ್ರಾಂ ಒಳಗೆ ಹೋಯಿತು, ಮೊದಲ ಬಗೆಯ ಸಿರಪ್ಪಿನ ನಾಲ್ಕು ಪಟ್ಟಿಗೂ ಹೆಚ್ಚು. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ. ಅಡುಗೆಮನೆ ಚಮಚವೂ ಬೇಡ, ಅದರ ಅಳತೆ ಮನೆಗೊಂದು ಥರ. ಬಾಟಲಿಯ ಜೊತೆ ಬರುವ ಮುಚ್ಚಳ ಅಥವಾ ಡ್ರಾಪರಿನಲ್ಲೇ ಅಳೆಯಿರಿ.

ತಪ್ಪು ಯಾರದು?

ರೋಗಿಗೆ ತಿಳಿವಳಿಕೆ ಕಡಿಮೆ ಎಂದು ಆಸ್ಪತ್ರೆಗಳು ಸುಲಭವಾಗಿ ಹೇಳಿಬಿಡುತ್ತವೆ. ನಾವು ಇದನ್ನು ಪೂರ್ತಿ ಒಪ್ಪುವುದಿಲ್ಲ. 2017ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯೊಂದರ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಐದು ನಿಮಿಷಕ್ಕಿಂತ ಹೆಚ್ಚು ಸಿಗದ ದೇಶಗಳಲ್ಲಿ ಭಾರತವೂ ಇದೆ. ಹೊರಗೆ ಉದ್ದದ ಸಾಲು, ಒಳಗೆ ಅವಸರ. ಅಂಥಲ್ಲಿ ‘ಅರ್ಥ ಆಯ್ತಾ?’ ಎಂದರೆ ಯಾರು ತಾನೇ ‘ಇಲ್ಲ’ ಎಂದಾರು? ತಲೆಯಾಡಿಸಿ ಎದ್ದು ಬರುತ್ತೇವೆ.

ಇದಕ್ಕೊಂದು ಸರಳ ವಿಧಾನವಿದೆ, ಹೆಸರು ಟೀಚ್-ಬ್ಯಾಕ್. ‘ಅರ್ಥ ಆಯ್ತಾ’ ಎನ್ನುವ ಬದಲು ‘ಅಜ್ಜಿ, ಮನೆಗೆ ಹೋಗಿ ಮಗನಿಗೆ ಏನಂತ ಹೇಳ್ತೀರಿ?’ ಎಂದು ಕೇಳುವುದು. ಅಜ್ಜಿ ಹೇಳುವಾಗ ಎಲ್ಲಿ ತಪ್ಪಿತು ಎಂದು ಅಲ್ಲೇ ಗೊತ್ತಾಗುತ್ತದೆ. ಪರೀಕ್ಷೆ ಅಜ್ಜಿಗಲ್ಲ, ವಿವರಿಸಿದವರಿಗೆ.

ವೈದ್ಯರು ಕೇಳದಿದ್ದರೆ ನೀವೇ ಶುರು ಮಾಡಬಹುದು: ‘ಡಾಕ್ಟ್ರೇ, ನಾನು ತಿಳಿದುಕೊಂಡಿದ್ದು ಹೀಗೆ, ಸರಿ ತಾನೇ?’ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂದೂ ಕೇಳಿ. ನಡೆಯುತ್ತಿರುವ ಬೇರೆ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಮೆಡಿಕಲ್ ಶಾಪಿನಲ್ಲಿ ‘ಬೆಳಿಗ್ಗೆ’, ‘ರಾತ್ರಿ’ ಎಂದು ಕನ್ನಡದಲ್ಲೇ ಬರೆಸಿಕೊಳ್ಳಿ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ, ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ನಿಮ್ಮ ತುಂಡಿನಲ್ಲಿ ಇದೆಯೇ ಎಂದು ಅಂಗಡಿ ಬಿಡುವ ಮೊದಲೇ ನೋಡಿಕೊಳ್ಳಿ.